ಯಂತ್ರ ನಿಂತರೆ ಗೊಂಬೆಯೂ ಮೂಕ

ದಸರಾ ಬಂತೆಂದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಅಜ್ಜಿಯ ಕಾಲದ ಸಾಲಿಗೆ ವರ್ಷಕ್ಕೊಂದು ಹೊಸ ಗೊಂಬೆ ಸೇರಿಸುವುದು ಹಲವರ ರೂಢಿ. ಗೊಂಬೆ ಕೂಡಿಡುವ ಇಂಥದೇ ಆಸೆಯನ್ನು ವಿಡಿಯೋ ಗೇಮಿಗೆ ಬೆಸೆದು ಗೆದ್ದದ್ದು 2011ರಲ್ಲಿ ಅಮೆರಿಕದ ಆಕ್ಟಿವಿಷನ್ ಕಂಪೆನಿ ತಂದ ‘ಸ್ಕೈಲ್ಯಾಂಡರ್ಸ್’.

ಗೊಂಬೆಯ ಅಡಿಯಲ್ಲೊಂದು ಪುಟ್ಟ ಚಿಪ್. ಗೇಮ್ ಯಂತ್ರಕ್ಕೆ ಜೋಡಿಸಿದ ತಟ್ಟೆಯ ಮೇಲೆ ಅದನ್ನಿಟ್ಟರೆ ಸಾಕು, ಅದೇ ಗೊಂಬೆ ಪರದೆಯ ಮೇಲೆ ಜೀವ ತಳೆದು ಕಾದಾಡುತ್ತದೆ. ಗಳಿಸಿದ ಶಕ್ತಿಯೆಲ್ಲ ಚಿಪ್‌ನಲ್ಲೇ ದಾಖಲು. ಗೆಳೆಯನ ಮನೆಗೊಯ್ದರೂ ಅಳಿಯದು. 2013ರಲ್ಲಿ ಡಿಸ್ನಿ, 2015ರಲ್ಲಿ ಲೆಗೊ ಇದೇ ಹಾದಿ ಹಿಡಿದವು.

ಹಾಗಾದರೆ ಎಡವಿದ್ದೆಲ್ಲಿ? ಆಟದ ಕೆಲವು ಬಾಗಿಲುಗಳು ನಿರ್ದಿಷ್ಟ ಗೊಂಬೆಗಳಿಗಷ್ಟೇ ತೆರೆಯುತ್ತಿದ್ದವು. ವರ್ಷ ವರ್ಷವೂ ಹೊಸ ಆಟ, ಹೊಸ ಗೊಂಬೆ. ಹೆತ್ತವರ ಜೇಬು ಸೋತಿತು. ಡಿಸ್ನಿ 2016ರಲ್ಲಿ, ಲೆಗೊ 2017ರಲ್ಲಿ ಕೈಬಿಟ್ಟವು. ಸ್ಕೈಲ್ಯಾಂಡರ್ಸ್‌ನ ಮುಖ್ಯ ಸರಣಿಯೂ 2016ಕ್ಕೇ ನಿಂತಿತು. 2014ರಲ್ಲಿ ನಿಂಟೆಂಡೊ ತಂದ ‘ಅಮೀಬೊ’ ಉಳಿದುಕೊಂಡಿದೆ. ಅಲ್ಲಿ ಗೊಂಬೆಯಿಲ್ಲದೆಯೂ ಸಾಮಾನ್ಯವಾಗಿ ಆಟ ಆಡಬಹುದು.

ಬಾತಿಯ ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಅರಗುಬಣ್ಣದ ಗೊಂಬೆಯೊಂದಿದೆ. ಬಂದ ಮಕ್ಕಳೆಲ್ಲ ಮೊದಲು ಕೇಳುವುದು ಅದನ್ನೇ. ಅದನ್ನು ಆಡಿಸಲು ಯಾವ ಕಂಪೆನಿಯ ಅಪ್ಪಣೆಯೂ ಬೇಕಿಲ್ಲ.