ಹಡಗಿಗೆ ನಿಮ್ಮದೇ ವೈನ್ ತಗೊಂಡು ಹೋಗಬಹುದಾ? ಒಂದು ಬಾಟಲಿ, ಒಂದು ಕಾರ್ಕ್‌ಸ್ಕ್ರೂ, 800 ವರ್ಷದ ಚೌಕಾಸಿ

ಭಾಗ 1/7 – ಒಂದೇ ಒಂದು ಬಾಟಲಿ

ಕ್ರೂಸ್ ರೀಲ್ಸ್ ನೀವೂ ನೋಡಿರ್ತೀರಿ. ಹದಿನೈದು ಅಂತಸ್ತಿನ ಹಡಗು, ಮೇಲೆ ಈಜುಕೊಳ, ಕೆಳಗೆ ಥಿಯೇಟರು. ಆ ರೀಲ್ಸ್‌ನಲ್ಲಿ ಯಾರೂ ತೋರಿಸದ ಒಂದು ಜಾಗ ಇದೆ. ಹಡಗು ಹತ್ತೋ ಮುಂಚೆ ಬ್ಯಾಗ್ ಸ್ಕ್ಯಾನ್ ಮಾಡೋ ಮೇಜು.

ಅಮೆರಿಕದ ಬಂದರುಗಳಿಂದ ಹೊರಡೋ ದೊಡ್ಡ ಕಂಪನಿಗಳಲ್ಲಿ ನಿಯಮ ಹೆಚ್ಚುಕಡಿಮೆ ಹೀಗಿರುತ್ತೆ: 21 ದಾಟಿದವರು ತಲೆಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿ ತರಬಹುದು. ಅದೂ ಹತ್ತೋ ದಿನ ಮಾತ್ರ, ಅದೂ ಕೈಚೀಲದಲ್ಲಿ. ವಿಸ್ಕಿ, ರಮ್ ಬೇಡವೇ ಬೇಡ. ಬಚ್ಚಿಟ್ಟು ತಂದು ಸಿಕ್ಕಿಬಿದ್ರೆ ಕಿತ್ಕೊಳ್ತಾರೆ. ಸರಿಯಾಗಿ ತಂದ ಬಾಟಲಿಯನ್ನೂ ಊಟದ ಹಾಲ್‌ನಲ್ಲಿ ತೆಗೆಸಿದ್ರೆ 'ಕಾರ್ಕೇಜ್' ಅಂತ ಒಂದು ಶುಲ್ಕ ಹಾಕ್ತಾರೆ. ಅಂದ್ರೆ ನಿಮ್ಮದೇ ಬಾಟಲಿಯ ಬಿರಡೆ ತೆಗೆಸೋಕೆ ನೀವೇ ದುಡ್ಡು ಕೊಡಬೇಕು!

ಇದು ಕುಡಿಯೋದರ ಬಗ್ಗೆ ಬರೆದ ಸರಣಿ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ನನ್ನ ಪ್ರಶ್ನೆ ಬೇರೆ. ಯಾಕೆ ಒಂದೇ? ಪೂರ್ತಿ ಬೇಡ ಅನ್ನಬಹುದಿತ್ತು, ಎಷ್ಟು ಬೇಕಾದ್ರೂ ತನ್ನಿ ಅನ್ನಬಹುದಿತ್ತು. ಆ 'ಒಂದು' ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ಸಿಗೋದು, ಸಮುದ್ರದ ಮೇಲೆ ಯಾರ ಮಾತು ನಡೆಯುತ್ತೆ ಅನ್ನೋ ಹಳೇ ಜಗಳದ ಕತೆ. ಬನ್ನಿ, ಮಧ್ಯಯುಗದ ಫ್ರಾನ್ಸ್‌ನಿಂದ ಶುರು ಮಾಡೋಣ.

ಭಾಗ 2/7 – 'ಟನ್' ಅನ್ನೋ ಪದ ಪೀಪಾಯಿಯಿಂದ ಬಂತು

1152ರಲ್ಲಿ ಅಕ್ವಿಟೇನ್‌ನ ಎಲಿನಾರ್ ಹೆನ್ರಿಯನ್ನು ಮದುವೆಯಾದಳು. ಎರಡು ವರ್ಷಕ್ಕೆ ಆತ ಇಂಗ್ಲೆಂಡಿನ ರಾಜನಾದ. ಅವಳ ತವರಿನ ಬೋರ್ಡೋ ಪ್ರಾಂತ್ಯ ಹೀಗೆ ಇಂಗ್ಲಿಷ್ ರಾಜರ ಕೈಗೆ ಬಂದು, 1453ರವರೆಗೂ ಬಹುಪಾಲು ಅವರ ಬಳಿಯೇ ಉಳೀತು. ಮೂರು ಶತಮಾನ ಹಡಗುಗಳು ಬೋರ್ಡೋದಿಂದ ವೈನ್ ತುಂಬ್ಕೊಂಡು ಉತ್ತರಕ್ಕೆ ಹೋದವು. 1308–09ರ ಒಂದೇ ವರ್ಷದಲ್ಲಿ ಹೋಗಿದ್ದು ಸುಮಾರು 1 ಲಕ್ಷ ದೊಡ್ಡ ಪೀಪಾಯಿಯಷ್ಟು ವೈನ್. ಒಂದು ಪೀಪಾಯಿ ಅಂದ್ರೆ ಸುಮಾರು 900 ಲೀಟರ್, ಇವತ್ತಿನ ಲೆಕ್ಕದಲ್ಲಿ 1200 ಬಾಟಲಿ.

ಆ ದೊಡ್ಡ ಪೀಪಾಯಿಯ ಹೆಸರು 'ಟನ್'. ಒಂದು ಹಡಗು ಎಷ್ಟು ದೊಡ್ಡದು ಅಂತ ಕೇಳಿದ್ರೆ, ಅದು ಎಷ್ಟು 'ಟನ್' ಹಿಡಿಸುತ್ತೆ ಅಂತ ಹೇಳ್ತಿದ್ರು. ಇವತ್ತು ನಾವು ಲಾರಿ ಲೋಡಿಗೂ ಕಬ್ಬಿಗೂ ಟನ್ ಅಂತೀವಲ್ಲ, ಆ ಪದದ ಮೂಲ ಒಂದು ಪೀಪಾಯಿ.

ಆ ಕಾಲದ ನಾವಿಕರಿಗೆ ಕಾನೂನೂ ಇತ್ತು. ಫ್ರಾನ್ಸ್‌ನ ಪಶ್ಚಿಮ ತೀರದ ಒಂದು ದ್ವೀಪದ ಹೆಸರಲ್ಲಿ ಕರೆಯೋ ಓಲೆರಾನ್ ಕಟ್ಟಳೆಗಳು. ಅದರಲ್ಲಿ ಎರಡು ವಿಷಯ ಗಮನಿಸಿ. ಒಂದು, ನಾವಿಕ ಸಂಬಳದ ಬದಲು ಹಡಗಿನಲ್ಲಿ ಇಷ್ಟು ಜಾಗ ನನ್ನದು ಅಂತ ಕೇಳಬಹುದಿತ್ತು. ಆ ಜಾಗದಲ್ಲಿ ತನ್ನದೇ ಸರಕು ಹೇರಿ, ದಡ ಮುಟ್ಟಿದ ಮೇಲೆ ಮಾರ್ಕೊಬಹುದಿತ್ತು. ಎರಡು, ಬ್ರಿಟನಿಯ ನಾವಿಕರಿಗೆ ಹೋಗ್ತಾ ಬರ್ತಾ ಪಾನೀಯ ಕೊಡ್ತಿದ್ದರಿಂದ ದಿನಕ್ಕೆ ಒಂದೇ ಅಡುಗೆಯೂಟ. ನಾರ್ಮಂಡಿಯವರಿಗೆ ಬರೀ ನೀರು, ಅದಕ್ಕೆ ಎರಡು ಊಟ. ಆದ್ರೆ ಹಡಗು ದ್ರಾಕ್ಷಿ ಬೆಳೆಯೋ ಸೀಮೆ ತಲುಪಿದ್ರೆ ಅವರಿಗೂ ಕುಡಿಯೋಕೆ ಕೊಡೋದು ಕಪ್ತಾನನ ಜವಾಬ್ದಾರಿ.

ನೋಡಿ, ಕೆಳಗಿನ ನಾವಿಕನಿಗೂ 'ಇದು ನನ್ನದು' ಅಂತ ತೋರಿಸೋಕೆ ಹಡಗಿನಲ್ಲಿ ಒಂದು ಮೂಲೆ ಇತ್ತು. ಅದು ಯಾರೋ ಕೊಟ್ಟ ಭಿಕ್ಷೆ ಅಲ್ಲ, ಅವನ ಕೂಲಿಯ ಒಂದು ಭಾಗ.

ಭಾಗ 3/7 – ಹಡಗು ಉಳಿಸೋಕೆ ಹೋಗಿ ಹುಟ್ಟಿದ ಕಾರ್ಕ್‌ಸ್ಕ್ರೂ

ಇಲ್ಲಿವರೆಗೂ ಇರೋದು ಬರೀ ಪೀಪಾಯಿ. ಹಾಗಾದ್ರೆ ಬಾಟಲಿ ಯಾವಾಗ ಬಂತು? ಇದು ನನಗೆ ತುಂಬಾ ಇಷ್ಟವಾದ ಭಾಗ.

1615ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್, ಗಾಜಿನ ಕುಲುಮೆಗೆ ಸೌದೆ ಉರಿಸಬಾರದು ಅಂತ ಆಜ್ಞೆ ಮಾಡಿದ. ಯಾಕೆ ಗೊತ್ತಾ? ಮರ ಎಲ್ಲಾ ಕುಲುಮೆಗೆ ಹೋದ್ರೆ ನೌಕಾಪಡೆಗೆ ಹಡಗು ಕಟ್ಟೋಕೆ ಏನು ಉಳಿಯುತ್ತೆ? ಗಾಜಿನವರು ಬೇರೆ ದಾರಿ ಇಲ್ಲದೆ ಕಲ್ಲಿದ್ದಲಿಗೆ ಬಂದ್ರು. ಕಲ್ಲಿದ್ದಲಿನ ಕಾವು ಜಾಸ್ತಿ. ಆ ಕಾವಲ್ಲಿ ದಪ್ಪನೆಯ, ಕಪ್ಪು ಛಾಯೆಯ, ಗಟ್ಟಿಮುಟ್ಟಾದ ಬಾಟಲಿ ಮಾಡೋಕೆ ಆಯ್ತು. ಗಟ್ಟಿ ಕುತ್ತಿಗೆ ಇದ್ರೆ ಬಿರಡೆಯನ್ನು ಪೂರ್ತಿ ಒಳಕ್ಕೆ ತುರುಕಬಹುದು.

ತುರುಕಿದ್ದಾಯ್ತು, ತೆಗೆಯೋದು ಹೇಗೆ? ಉತ್ತರ ಬಹುಶಃ ಸೈನಿಕರ ಚೀಲದಲ್ಲೇ ಇತ್ತು. ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಚಿಂದಿ, ಗುಂಡು ಎಳೆಯೋಕೆ ಅವರು ಸುರುಳಿ ಆಕಾರದ ಕಬ್ಬಿಣದ ಕೊಕ್ಕೆ ಬಳಸ್ತಿದ್ರು. ಬಾಟಲಿಯ ಬಿರಡೆ ಎಳೆಯೋ ಉಕ್ಕಿನ 'ಹುಳು' ಅಂತ 1681ರಲ್ಲಿ ನೆಹೆಮಾಯ ಗ್ರೂ ಒಂದು ಪುಸ್ತಕದಲ್ಲಿ ಬರೆದ. 1795ರಲ್ಲಿ ಸ್ಯಾಮ್ಯುಯೆಲ್ ಹೆನ್‌ಶಲ್ ಅನ್ನೋ ಪಾದ್ರಿ ಇಂಗ್ಲೆಂಡಿನಲ್ಲಿ ಕಾರ್ಕ್‌ಸ್ಕ್ರೂಗೆ ಪೇಟೆಂಟ್ ಪಡೆದ. ಸುರುಳಿಯ ಮೇಲ್ತುದಿಗೆ ಒಂದು ಪುಟ್ಟ ಬಿಲ್ಲೆ ಕೂರಿಸಿದ್ದ. ಬಿಲ್ಲೆ ಬಿರಡೆಗೆ ಒತ್ತಿಕೊಂಡ ಮೇಲೂ ತಿರುಗಿಸ್ತಾ ಹೋದ್ರೆ ಬಿರಡೆಯೇ ತಿರುಗಿ ಗಾಜಿನಿಂದ ಬಿಟ್ಕೊಳ್ಳುತ್ತೆ. ಅಷ್ಟೇ ಐಡಿಯಾ!

ಇನ್ನೊಂದು ಮಜಾ ಕೇಳಿ. ಆ ಕಾಲದಲ್ಲಿ ಬಾಟಲಿ ದುಬಾರಿ, ಒಂದರ ಅಳತೆ ಇನ್ನೊಂದಕ್ಕಿಲ್ಲ. ಹಾಗಾಗಿ ಉಳ್ಳವರು ತಮ್ಮ ಮುದ್ರೆ ಒತ್ತಿಸಿದ ಬಾಟಲಿ ಮಾಡಿಸಿ, ಪೀಪಾಯಿಯಿಂದ ತುಂಬಿಸ್ಕೊಳ್ತಿದ್ರು. ಡೈರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ 1663ರ ಅಕ್ಟೋಬರಿನಲ್ಲಿ ತನ್ನ ಲಾಂಛನದ ಐದಾರು ಡಜನ್ ಬಾಟಲಿಗೆ ವೈನ್ ತುಂಬೋದನ್ನ ನೋಡಿ ಬಂದಿದ್ದ. ಅವನ ಕೆಲಸ ಏನು ಗೊತ್ತಾ? ನೌಕಾಪಡೆಯ ಆಡಳಿತ! 'ನಿಮ್ಮ ಬಾಟಲಿ ನೀವೇ ತನ್ನಿ' ಅನ್ನೋದು ಆಗ ರಿಯಾಯಿತಿ ಅಲ್ಲ, ಮಾಮೂಲು.

ಭಾಗ 4/7 – ನನ್ನ ಪಾಲು ಹೋಗಿ ಪಡಿತರ ಬಂತು

ಪೀಪ್ಸ್‌ನಂಥವರು ದಡದಲ್ಲಿ ತಮ್ಮ ಬಾಟಲಿ ತುಂಬಿಸ್ತಾ ಇದ್ರೆ, ಯುದ್ಧನೌಕೆಯೊಳಗೆ ಬೇರೆಯದೇ ಲೆಕ್ಕ. ಅಲ್ಲಿ ನಾವಿಕ ತನ್ನ ಪೀಪಾಯಿ ತರೋ ಹಾಗಿಲ್ಲ. ಎಷ್ಟು ಕುಡೀಬೇಕು, ಯಾವಾಗ ಕುಡೀಬೇಕು ಅಂತ ಹೇಳೋದು ಸರ್ಕಾರ. ಬ್ರಿಟಿಷ್ ನೌಕಾಪಡೆಯಲ್ಲಿ ತವರಿನ ಹತ್ತಿರ ಬಿಯರ್, ಮೆಡಿಟರೇನಿಯನ್‌ನಲ್ಲಿ ವೈನ್, ವೆಸ್ಟ್ ಇಂಡೀಸ್‌ನಲ್ಲಿ ರಮ್. ಕುಡಿದು ತೂರಾಡೋರು ಹೆಚ್ಚಾದಾಗ 1740ರಲ್ಲಿ ಅಡ್ಮಿರಲ್ ವರ್ನನ್, ರಮ್‌ಗೆ ನಾಲ್ಕು ಪಟ್ಟು ನೀರು ಬೆರೆಸಿ ದಿನಕ್ಕೆ ಎರಡು ಕಂತಲ್ಲಿ ಕೊಡಿ ಅಂತ ಆಜ್ಞೆ ಮಾಡಿದ. ನಾವಿಕರು ಅದನ್ನ 'ಗ್ರಾಗ್' ಅಂತ ಕರೆದ್ರು.

ಗ್ರಾಗ್ ಕೊಡೋದು ಉಡುಗೊರೆ, ತಡೆಯೋದು ಶಿಕ್ಷೆ. ತಪ್ಪು ಮಾಡಿದವನ ಪಾಲು ನಿಲ್ಲಿಸಿದ್ರೆ ಸಾಕು, ಮಾತು ಕೇಳ್ತಿದ್ದ. ಬ್ರಿಟಿಷ್ ನೌಕಾಪಡೆಯಲ್ಲಿ ಈ ರಮ್ ಪಡಿತರ ನಿಂತಿದ್ದು 1970ರ ಜುಲೈ 31ರಂದು. ಅಮೆರಿಕದ ನೌಕಾಪಡೆ 1914ರ ಜುಲೈ 1ರಿಂದಲೇ ಹಡಗಿನಲ್ಲಿ ಮದ್ಯ ನಿಲ್ಲಿಸಿತ್ತು.

ಪಾನೀಯ ಅದೇ, ಆದ್ರೆ ಬೀಗದಕೈ ಕೈ ಬದಲಾಯಿಸಿತ್ತು. ಈ ಬೀಗದಕೈಯನ್ನ ನೆನಪಲ್ಲಿಡಿ, ಮುಂದಿನ ಭಾಗದಲ್ಲಿ ಬೇಕಾಗುತ್ತೆ.

ಭಾಗ 5/7 – ಸಮುದ್ರದ ಮಧ್ಯೆ ಒಂದು ಗೆರೆ

1920ರ ಜನವರಿ 17. ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ನೆಲದ ಮೇಲೆ ಸರಿ, ನೀರಿನ ಮೇಲೆ? ಅಮೆರಿಕದ ಬಾವುಟದ ಹಡಗು ಅಟ್ಲಾಂಟಿಕ್ ನಡುವೆ ಇದ್ರೆ ಅಲ್ಲಿ ಯಾವ ಕಾನೂನು? ಬ್ರಿಟನ್ನಿನ ಹಡಗು ನ್ಯೂಯಾರ್ಕ್ ಬಂದರಿಗೆ ಬಂದ್ರೆ ಅದರ ಉಗ್ರಾಣದ ವೈನ್ ಏನು ಮಾಡೋದು?

ಜಗಳ ಸುಪ್ರೀಂ ಕೋರ್ಟಿಗೇ ಹೋಯ್ತು. 1923ರ ಏಪ್ರಿಲ್ 30ರಂದು 'ಕ್ಯುನಾರ್ಡ್ ವಿರುದ್ಧ ಮೆಲ್ಲನ್' ಮೊಕದ್ದಮೆಯ ತೀರ್ಪು ಬಂತು. ಅಮೆರಿಕದ ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಯಾವ ದೇಶದ ಹಡಗಿಗೂ ನಿಷೇಧ ಅನ್ವಯ, ಬಾಟಲಿಗೆ ಸೀಲ್ ಹಾಕಿದ್ರೂ ಅಷ್ಟೇ. ಆದ್ರೆ ಆ ಗೆರೆಯಾಚೆ ಅಮೆರಿಕದ ಹಡಗಿಗೂ ಆ ಕಾನೂನು ತಟ್ಟಲ್ಲ. ಪೇಚಾಟ ನೋಡಿ: ಕೆಲವು ದೇಶಗಳ ಕಾನೂನಿನ ಪ್ರಕಾರ ಹಡಗಿನ ಕೆಲಸಗಾರರಿಗೆ ಊಟದ ಜೊತೆ ವೈನ್ ಕೊಡಲೇಬೇಕು. ಇಲ್ಲಿ ತಂದ್ರೆ ತಪ್ಪು, ಅಲ್ಲಿ ಕೊಡದಿದ್ರೆ ತಪ್ಪು!

1924ರ ಜನವರಿಯಲ್ಲಿ ಅಮೆರಿಕ, ಬ್ರಿಟನ್ ಒಂದು ಒಪ್ಪಂದಕ್ಕೆ ಬಂದವು. ಬ್ರಿಟಿಷ್ ಹಡಗು ಬಂದರಿಗೆ ಮದ್ಯ ತರಬಹುದು, ಆದ್ರೆ ಸೀಲ್ ಮಾಡಿರಬೇಕು. ಅದಕ್ಕೆ ಬದಲಾಗಿ, ದಡದಿಂದ ಒಂದು ಗಂಟೆ ಪಯಣದಷ್ಟು ದೂರದವರೆಗೂ ಕಳ್ಳಸಾಗಣೆಯ ಅನುಮಾನ ಇರೋ ಹಡಗನ್ನ ಅಮೆರಿಕದವರು ಹತ್ತಿ ಹುಡುಕಬಹುದು.

ಲಾಭ ಯಾರಿಗೆ ಅಂತ ನೀವೇ ಊಹಿಸಿ. ಅಮೆರಿಕ ಸರ್ಕಾರ ತನ್ನ ಹಡಗುಗಳನ್ನ ಒಣಗಿಸಿಯೇ ಇಟ್ಟಿತ್ತು. ಬಾಯಾರಿದವರು ವಿದೇಶಿ ಹಡಗಿನ ಟಿಕೆಟ್ ತಗೊಂಡ್ರು. ನ್ಯೂಯಾರ್ಕಿನಿಂದ ಹೊರಟು ನಾಲ್ಕಾರು ದಿನ ಸುಮ್ಮನೆ ಸುತ್ತಿ ವಾಪಸ್ ಬರೋ ಪ್ರವಾಸಗಳು ಶುರುವಾದವು. ಹೋಗೋದು ಎಲ್ಲಿಗೆ? ಎಲ್ಲಿಗೂ ಇಲ್ಲ! ಗೆರೆ ದಾಟಿದ್ರೆ ಸಾಕಿತ್ತು. ನಿಷೇಧ 1933ರ ಡಿಸೆಂಬರ್ 5ಕ್ಕೆ ಮುಗೀತು. ಆದ್ರೆ ಹಡಗು ಕಂಪನಿಗಳು ಒಂದು ಪಾಠ ಕಲಿತಿದ್ವು. ಜನ ಊರು ತಲುಪೋಕೆ ಮಾತ್ರ ಅಲ್ಲ, ಹಡಗಿನೊಳಗೆ ಸಿಗೋದಕ್ಕೂ ದುಡ್ಡು ಕೊಡ್ತಾರೆ.

ಭಾಗ 6/7 – ಟಿಕೆಟ್ ಅಗ್ಗ, ಒಳಗೆ ಬಂದ ಮೇಲೆ ನೋಡ್ಕೊಳ್ಳೋಣ

1958ರ ಅಕ್ಟೋಬರಿನಲ್ಲಿ ಪ್ಯಾನ್ ಆ್ಯಮ್‌ನ ಜೆಟ್ ವಿಮಾನ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹಾರಿತು. ಐದಾರು ದಿನದ ಪಯಣ ಕೆಲವೇ ಗಂಟೆಗೆ ಇಳೀತು. ದೊಡ್ಡ ದೊಡ್ಡ ಹಡಗುಗಳು ಖಾಲಿ ಹೊಡೆದವು. 1972ರಲ್ಲಿ ಟೆಡ್ ಆ್ಯರಿಸನ್ ಅಂಥದ್ದೇ ಒಂದು ಹಳೇ ಹಡಗನ್ನ ಕೊಂಡು 'ಮಾರ್ಡಿ ಗ್ರಾ' ಅಂತ ಹೆಸರಿಟ್ಟು ಕಾರ್ನಿವಲ್ ಕಂಪನಿ ಶುರು ಮಾಡಿದ. ಮೊದಲ ಪ್ರವಾಸದಲ್ಲೇ ಮಯಾಮಿ ಹತ್ತಿರ ಅದು ಮರಳಿನ ದಿಬ್ಬಕ್ಕೆ ಸಿಕ್ಕಿಕೊಂಡು ನಿಂತಿತು! ಆದ್ರೂ ಆ ಕಂಪನಿ ಬೆಳೆದು ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಆಯ್ತು.

ಹೇಗೆ ಅಂದ್ರೆ, 2023ರ ಅದರ ಲೆಕ್ಕ ನೋಡಿ. ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೆಟ್‌ನಿಂದ ಸುಮಾರು 1,407 ಕೋಟಿ. ಉಳಿದ ಸುಮಾರು 753 ಕೋಟಿ 'ಹಡಗಿನೊಳಗಿನ ಮತ್ತು ಇತರೆ' ಅನ್ನೋ ಬಾಬ್ತಿನಲ್ಲಿ ಬಂದದ್ದು. ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ! ಬಾರು, ಕ್ಯಾಸಿನೊ, ಅಂಗಡಿ, ದಡದ ಮೇಲಿನ ಸುತ್ತಾಟ ಎಲ್ಲಾ ಅದರಲ್ಲೇ ಬರುತ್ತೆ.

ಈಗ ಬ್ಯಾಗ್ ಸ್ಕ್ಯಾನ್ ಮಾಡೋ ಮೇಜಿಗೆ ವಾಪಸ್ ಬನ್ನಿ. ಅಲ್ಲಿ ಸುರಕ್ಷತೆಯ ಕಾರಣವೂ ಇದೆ, ಸುಳ್ಳಲ್ಲ. ಹಡಗಿನ ತುಂಬಾ ಲೆಕ್ಕಕ್ಕೆ ಸಿಗದ ಮದ್ಯ ಇದ್ರೆ ಅಪಾಯವೇ. ಆದ್ರೆ ಅದೇ ಬಾಟಲಿ ಬಾರಿನಲ್ಲಿ ಎಷ್ಟು ಬೇಕಾದ್ರೂ ಸಿಗುತ್ತಲ್ಲ? ಹಾಗಾಗಿ ಆ 'ಒಂದು' ಅನ್ನೋದು ಒಂದು ರಾಜಿ ಅಂತ ನನಗನ್ಸುತ್ತೆ. ಪೂರ್ತಿ ಬೇಡ ಅಂದ್ರೆ ಮದುವೆ ವಾರ್ಷಿಕೋತ್ಸವಕ್ಕೆ ಅಂತ ಬಾಟಲಿ ತಂದವರು ಬೇಜಾರಾಗ್ತಾರೆ, ಎಷ್ಟಾದ್ರೂ ತನ್ನಿ ಅಂದ್ರೆ ಬಾರು ನಡೆಯಲ್ಲ. ನಾವಿಕನ ಪೀಪಾಯಿ ಜಾಗ ಕುಗ್ಗಿ ಕುಗ್ಗಿ 750 ಮಿಲಿಲೀಟರ್ ಆಗಿದೆ. ಆಗ ಅದು ಕೂಲಿ, ಈಗ ಅದು ವಿನಾಯಿತಿ.

ಭಾಗ 7/7 – ಬಿರಡೆ ತೆಗೆಯೋ ಕೈ

ಊಟದ ಹಾಲ್‌ನಲ್ಲಿ ನಿಮ್ಮ ಬಾಟಲಿ ತೆಗೆಯೋ ಸ್ಟೀವರ್ಡ್ ಜೇಬಿನಲ್ಲಿ ಮಡಚೋ ಚಾಕುವಿನಂಥ ಒಂದು ಸಾಧನ ಇರುತ್ತೆ. ಒಂದು ಕಡೆ ಸುರುಳಿ, ಇನ್ನೊಂದು ಕಡೆ ಬಾಟಲಿಯ ಬಾಯಿಗೆ ಊರಿ ಮೀಟೋ ಸನ್ನೆ. 1882ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಕಾರ್ಲ್ ವಿಯೆಂಕೆ ಜರ್ಮನಿಯ ರೋಸ್ಟಾಕ್‌ನವ. ಅದೂ ಒಂದು ಬಂದರು ಊರು! ಈಗಲೂ ಇದರ ಹೆಸರು 'ವೇಟರ್‌ನ ಗೆಳೆಯ'.

ಆ ಕೈ ಯಾರದ್ದು ಅಂತ ಒಮ್ಮೆ ತಲೆ ಎತ್ತಿ ನೋಡಿ. ಮಂಗಳೂರು, ಉಡುಪಿ, ಕಾರವಾರ, ಗೋವಾ ಕಡೆ 'ಮಗ ಶಿಪ್ಪಿನಲ್ಲಿದ್ದಾನೆ' ಅನ್ನೋ ಮಾತು ಎಷ್ಟು ಮನೆಗಳಲ್ಲಿ ಕೇಳಲ್ಲ? ತಿಂಗಳುಗಟ್ಟಲೆ ಮನೆ ಬಿಟ್ಟು, ದಿನಕ್ಕೆ ಹತ್ತು ಗಂಟೆ ದುಡಿಯೋ ಹುಡುಗರು. ಬಾರಿನ ಬಿಲ್ಲಿಗೆ ಸೇವಾಶುಲ್ಕ ಅಂತ ಸಾಮಾನ್ಯವಾಗಿ ಶೇ. 18–20 ತಾನಾಗಿಯೇ ಸೇರುತ್ತೆ. ಹಳೇ ನಾವಿಕನಿಗೆ ಹಡಗಿನಲ್ಲಿ ತನ್ನದೇ ಒಂದು ಪಾಲಿತ್ತು, ಸರಕಿನ ಪಾಲು. ಇವತ್ತಿನವನ ಪಾಲು ಎಷ್ಟು? ನಿಯಮದ ಪುಸ್ತಕ ಓದುವಾಗ ಈ ಪ್ರಶ್ನೆಯನ್ನೂ ಕೇಳಿ.

'ನಾವ್ಯಾಕೆ ಇದನ್ನೆಲ್ಲ ತಿಳ್ಕೋಬೇಕು, ಕ್ರೂಸ್‌ಗೆ ಹೋಗೋ ದುಡ್ಡೇ ಇಲ್ಲ' ಅಂತೀರಾ? ಮಲ್ಟಿಪ್ಲೆಕ್ಸ್‌ಗೆ ಹೋಗ್ತೀರಲ್ಲ! ಬಾಗಿಲಲ್ಲಿ ಚಿಪ್ಸ್ ಪೊಟ್ಟಣ ಕಿತ್ಕೊಂಡು, ಒಳಗೆ ಪಾಪ್‌ಕಾರ್ನ್ ಮಾರ್ತಾರಲ್ಲ, ಅದೂ ಇದೇ ಲೆಕ್ಕ. 2023ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಅಂತ ಹೇಳ್ತು. ಆದ್ರೆ ಶುದ್ಧ ಕುಡಿಯೋ ನೀರು ಪುಕ್ಕಟೆ ಕೊಡಬೇಕು, ಪುಟ್ಟ ಮಗುವಿಗೆ ಅಂತ ತಂದ ಆಹಾರಕ್ಕೆ ಅಡ್ಡಿ ಮಾಡಬಾರದು ಅಂತಾನೂ ಹೇಳ್ತು.

ಎಲ್ಲಿ ನಾವು ಒಳಗೆ ಹೋದ ಮೇಲೆ ಹೊರಗೆ ಬರೋಕಾಗಲ್ವೋ, ಅಲ್ಲಿ ಬಾಗಿಲಲ್ಲಿ ನಿಂತವನ ಮಾತೇ ನಡೆಯುತ್ತೆ. ಹಡಗಿನಲ್ಲಿ ಅದು ಎಲ್ಲಕ್ಕಿಂತ ನಿಜ, ಸುತ್ತ ನೀರು. ಆದ್ರೂ ಓಲೆರಾನ್‌ನ ನಾವಿಕನಿಂದ ಇವತ್ತಿನ ಪ್ರಯಾಣಿಕನವರೆಗೂ ಯಾರೋ ಒಬ್ಬರು 'ಇಷ್ಟಾದ್ರೂ ನನ್ನದು' ಅಂತ ಕೇಳ್ತಾನೇ ಬಂದಿದಾರೆ. ಆ ಒಂದು ಬಾಟಲಿ ಉಳಿದಿರೋದು ಹಾಗೆ.

ಮುಂದಿನ ಸಲ 'ಹೊರಗಿನ ಪದಾರ್ಥ ತರುವಂತಿಲ್ಲ' ಅನ್ನೋ ಬೋರ್ಡ್ ಕಂಡ್ರೆ ಒಂದು ನಿಮಿಷ ನಿಂತು ಓದಿ. ಏನು ಬೇಡ ಅಂದಿದಾರೆ, ಏನು ಬಿಟ್ಟಿದಾರೆ, ಅದರಿಂದ ಯಾರಿಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿ. ನೀವು ನೋಡಿದ ಅಂಥ ಬೋರ್ಡ್ ಯಾವುದು? ಕೆಳಗೆ ಬರೀರಿ, ಒಟ್ಟಿಗೆ ಲೆಕ್ಕ ಹಾಕೋಣ.

#ಕನ್ನಡದಲ್ಲಿಇತಿಹಾಸ #ಹಡಗಿನಕತೆ #ಕಾರ್ಕ್‌ಸ್ಕ್ರೂ #ಸೇವ್‌ಮಾಡ್ಕೊಳ್ಳಿ