ಗರಡಿಯ ವರಸೆ ಮತ್ತು ಗರಡಿಯ ಹೊರಗಿನವರು

1855ರಲ್ಲಿ ಪುಣೆಯಲ್ಲಿ 14 ವರ್ಷದ ಹುಡುಗಿಯೊಬ್ಬಳು ಒಂದು ಪ್ರಬಂಧ ಬರೆದಳು. ಹೆಸರು ಮುಕ್ತಾ ಸಾಳ್ವೆ. ಮಾಂಗ ಜಾತಿಯವಳು, ಅಂದ್ರೆ ನಮ್ಮ ಮಾದಿಗರ ಹಾಗೆ. ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದವಳು. ಮಾಂಗ-ಮಹಾರರ ದುಃಖವನ್ನು ಕುರಿತ ಆ ಬರಹ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ದಲಿತ ಹೆಣ್ಣುಮಗಳ ಮೊದಮೊದಲ ಬರಹ ಅಂತ ಈಗ ಎಲ್ಲರೂ ಅದನ್ನು ಹೆಸರಿಸುತ್ತಾರೆ. ಆದರೆ ಅದರೊಳಗಿನ ಒಂದು ವಿವರದ ಮುಂದೆ ನಾವು ಸಾಕಷ್ಟು ಹೊತ್ತು ನಿಂತಿಲ್ಲ ಎಂದು ನನಗನ್ನಿಸುತ್ತದೆ. ಬಾಜಿರಾಯನ ಆಳ್ವಿಕೆಯಲ್ಲಿ ಮಾಂಗನೋ ಮಹಾರನೋ ತಾಲೀಮುಖಾನೆಯ ಮುಂದೆ ಹಾದುಹೋದರೆ ಅವನ ತಲೆ ಕಡಿದು, ಗುಲ್ಟೇಕಡಿಯ ಬಯಲಿನಲ್ಲಿ ಕತ್ತಿಯನ್ನೇ ದಾಂಡು ಮಾಡಿಕೊಂಡು ಆ ತಲೆಯನ್ನು ಚೆಂಡಾಡುತ್ತಿದ್ದರು ಎಂದು ಆಕೆ ಹೇಳುತ್ತಾಳೆ.

ತಾಲೀಮುಖಾನೆ ಅಂದರೆ ಗರಡಿಮನೆ. ಗುಡಿಯ ಮುಂದೆ ಹಾದುಹೋದದ್ದಕ್ಕೆ ಶಿಕ್ಷೆ ಎಂದರೆ ನಮಗೆ ಗೊತ್ತಿರುವ ಕಥೆ. ಗರಡಿಯ ಮುಂದೆ ಯಾಕೆ? ಒಳಗೆ ನಡೆಯುತ್ತಿದ್ದದ್ದನ್ನು ಕೆಳಗಿನವನು ನೋಡಬಾರದು, ನೋಡಿದರೆ ಕಲಿತುಬಿಡುತ್ತಾನೆ ಎಂಬ ಭಯ ಅದರಲ್ಲಿ ಇತ್ತೆಂದೇ ನಾನು ಓದಿಕೊಳ್ಳುತ್ತೇನೆ. ವೇದ ಕೇಳಿದ ಕಿವಿಗೆ ವಿಧಿಸಿದ ಶಿಕ್ಷೆಯ ತಮ್ಮನೇ ಇದು.

ಹಾಗಾದರೆ ಆ ಗರಡಿಗಳಲ್ಲಿ ನಡೆಯುತ್ತಿದ್ದದ್ದೇನು? ಎರಡನೇ ಬಾಜಿರಾಯ ಸಾಮು ತಾಲೀಮಿನ ಹುಚ್ಚಿನವನು. ಅವನಿಗೆ ಅಂಗಸಾಧನೆ ಕಲಿಸುತ್ತಿದ್ದ ಬಾಳಂಭಟ್ಟ ದೇವಧರ ಎಂಬುವರೇ ಮಲ್ಲಕಂಬವನ್ನು ಈಗಿನ ರೂಪಕ್ಕೆ ತಂದವರು. ಮಲ್ಲಕಂಬ ಮೂಲತಃ ಕುಸ್ತಿಯವನಿಗೆ ಒದಗಿದ ಸಾಧನ. ಕಂಬವನ್ನು ಎದುರಾಳಿ ಅಂದುಕೊಂಡು ಹಿಡಿತ, ತೊಡೆಯ ಬಿಗಿ, ಉಸಿರು ಎಲ್ಲವನ್ನೂ ರೂಢಿ ಮಾಡಿಕೊಳ್ಳುವುದು. ಬರಬರುತ್ತಾ ಅದು ಕಂಬದ ತುದಿಯಲ್ಲಿ ತಲೆಕೆಳಗಾಗಿ ನಿಂತು ಚಪ್ಪಾಳೆ ಗಿಟ್ಟಿಸುವ ವಿದ್ಯೆಯಾಯಿತು. ನೋಡಲು ಚೆಂದ, ಇಲ್ಲವೆನ್ನಲಾರೆ. ಆದರೆ ಕಂಬ ತಿರುಗಿ ಪಟ್ಟು ಹಾಕುವುದಿಲ್ಲ.

ನೋಡುವವರಿಗಾಗಿ ಇರುವ ವರಸೆ, ಎದುರಾಳಿಗಾಗಿ ಇರುವ ವರಸೆ: ಈ ಎರಡನ್ನು ನಾವು ಬೇರೆ ಮಾಡಿ ನೋಡಬೇಕು. ನಮ್ಮ ಕಾಲೇಜಿನಲ್ಲಿ ಹುಡುಗಿಯರಿಗೆ ಕರಾಟೆ ಶಿಬಿರ ನಡೆದಾಗ ಮಾಸ್ತರು ಒಂದರ ಮೇಲೊಂದು ಹಂಚು ಜೋಡಿಸಿ ಒಂದೇ ಏಟಿಗೆ ಒಡೆದರು. ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ ಕೇಳಿದಳು: 'ಸಾರ್, ಹಿಂದಿಂದ ಬಂದು ಜಡೆ ಹಿಡಿದರೆ ಏನ್ ಮಾಡಬೇಕು ಹೇಳಿ.' ಅವಳು ದಿನಾ ಕತ್ತಲಾದ ಮೇಲೆ ಬಸ್ಸಿಳಿದು ಕೇರಿಗೆ ಎರಡು ಮೈಲಿ ನಡೆಯುವವಳು. ಮಾಸ್ತರು ಇನ್ನೂ ನಾಲ್ಕು ಹಂಚು ಒಡೆದರು.

ದಾಂಡಪಟ್ಟವನ್ನೇ ತಗೊಳ್ಳಿ. ಉದ್ದನೆಯ ನೇರ ಅಲಗು, ಮುಂಗೈಯನ್ನು ಮುಚ್ಚುವ ಕಬ್ಬಿಣದ ಕವಚ, ಅದರೊಳಗೆ ಅಡ್ಡಲಾಗಿ ಹಿಡಿಕೆ. ಮಣಿಕಟ್ಟು ಬಾಗುವುದೇ ಇಲ್ಲ. ಏಟು ಹೆಗಲಿನಿಂದ, ಸೊಂಟದಿಂದ ಬರಬೇಕು. ಅದನ್ನು ಗರಗರ ಬೀಸುವುದು ಚೆಂದಕ್ಕಲ್ಲ, ಸುತ್ತ ನಾಲ್ಕಾರು ಜನ ಮುತ್ತಿದಾಗ ಒಂಟಿ ಮನುಷ್ಯ ತನ್ನ ಸುತ್ತ ಒಂದಿಷ್ಟು ಜಾಗ ಉಳಿಸಿಕೊಳ್ಳುವುದಕ್ಕೆ. ಈ ಒಂಟಿ ಮನುಷ್ಯ ಯಾರು ಅಂತ ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ಕೊಲ್ಹಾಪುರದ ಮರ್ದಾನಿ ಖೇಳಿನಲ್ಲಿ ಇದೇ ಪಟ್ಟದಿಂದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂಬೆಹಣ್ಣು ಕತ್ತರಿಸುತ್ತಾರೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ರಾಜ್ಯದ ಶಸ್ತ್ರವೆಂದೂ ಘೋಷಿಸಿತು.

ಗರಡಿಯ ಮುಂದೆ ಹಾದುಹೋಗಬಾರದಿದ್ದ ಜಾತಿಯವನೇ ಪೇಶ್ವೆಗಳು ಹೋದ ಮೇಲೆ ಅದೇ ಪುಣೆಯಲ್ಲಿ ಗರಡಿ ನಡೆಸಿದ ಎನ್ನುವುದು ಸಾಮಾನ್ಯ ಸಂಗತಿಯಲ್ಲ. ಲಹುಜಿ ರಾಘೋಜಿ ಸಾಳ್ವೆ, 1794ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಮಾಂಗ ವಸ್ತಾದ. ಅಪ್ಪ ರಾಘೋಜಿ ಪೇಶ್ವೆಯ ಪರವಾಗಿಯೇ ಖಡಕಿಯ ಕಾಳಗದಲ್ಲಿ ಸತ್ತ ಎಂಬುದು ಆ ಸಮುದಾಯದ ನೆನಪು. ಮಗ ಗಂಜ್ ಪೇಠೆಯ ತಾಲೀಮಿನಲ್ಲಿ ಕುಸ್ತಿ, ದೊಣ್ಣೆ, ಪಟ್ಟ, ಗುಂಡಿನ ಗುರಿ ಎಲ್ಲವನ್ನೂ ಕಲಿಸಿದ. ಮಾಲಿ ಜಾತಿಯ ಜೋತಿಬಾ ಅಲ್ಲಿ ಕಲಿತರು, ಬ್ರಾಹ್ಮಣರ ಹುಡುಗರೂ ಕಲಿತರು. ಮುಂದೆ ಫುಲೆ ಶಾಲೆ ತೆರೆದಾಗ ಮನೆಮನೆಗೆ ಹೋಗಿ ಮಾಂಗ-ಮಹಾರರ ಮಕ್ಕಳನ್ನು ಕರೆತಂದವರಲ್ಲಿ ಈ ಲಹುಜಿಬುವಾ ಒಬ್ಬ. ವಸ್ತಾದನ ಬದುಕಿನಲ್ಲಿ ನನಗೆ ದೊಡ್ಡ ವರಸೆಯಾಗಿ ಕಾಣುವುದು ಇದೇ. ಫುಲೆಯವರನ್ನು ಕೊಲ್ಲಲು ರಾತ್ರಿ ಇಬ್ಬರು ಬಂದಾಗ ಅವರು ಕಲಿತ ಪಟ್ಟಕ್ಕೆ ಕೈಹಾಕಲಿಲ್ಲ, ಮಾತಾಡಿಸಿದರು. ಆ ಇಬ್ಬರಲ್ಲಿ ಧೋಂಡಿರಾಮ್ ಕುಂಬಾರ ಆಮೇಲೆ ಅವರ ಸಂಗಾತಿಯೇ ಆದ.

ಇನ್ನು ಬಾಜಿರಾಯನ ಗರಡಿ ಏನಾಯಿತು? 1817ರ ನವೆಂಬರ್ 5ರಂದು ಖಡಕಿಯಲ್ಲಿ ಅವನ ಸೈನ್ಯ ಸೋಲುತ್ತಿದ್ದಾಗ ಮಲ್ಲಕಂಬದ ದೊರೆ ಪರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ. ಎರಡು ತಿಂಗಳೊಳಗೆ, 1818ರ ಜನವರಿ 1ರಂದು, ಕೋರೆಗಾಂವ್. ಶಿರೂರಿನಿಂದ ರಾತ್ರಿಯಿಡೀ ನಡೆದು ಬಂದ ಸಿಪಾಯಿಗಳು ಅನ್ನ ನೀರಿಲ್ಲದೆ ಕತ್ತಲಾಗುವವರೆಗೆ ಆ ಊರಿನ ಓಣಿಗಳಲ್ಲಿ ಕಾದಿದರು. ಅವರು ಕಲಿತಿದ್ದ ವರಸೆ ಯಾವುದು? ತೋಟಾ ಕಚ್ಚು, ಮದ್ದು ಸುರಿ, ಗಜ ಹಾಕಿ ಜಡಿ, ಗುರಿ ಹಿಡಿ, ಹೊಡೆ. ಮತ್ತೆ ತೋಟಾ ಕಚ್ಚು. ಇದನ್ನು ನೋಡಲು ಯಾರೂ ಟಿಕೀಟು ಕೊಡುವುದಿಲ್ಲ. ಹೆದರಿಕೆಯಲ್ಲೂ ಕೈ ಮರೆಯದ ಹಾಗೆ ಸಾವಿರ ಸಲ ಮಾಡಿಸುವುದಷ್ಟೇ ಅದರ ಗುಟ್ಟು.

ಇಲ್ಲಿ ನಮ್ಮವರ ಜೊತೆಗೂ ಒಂದು ತಕರಾರಿದೆ. '500 ಮಹಾರರು 28,000 ಪೇಶ್ವೆ ಸೈನಿಕರನ್ನು ಸೋಲಿಸಿದರು' ಅಂತ ವೇದಿಕೆಗಳಲ್ಲಿ ಗುಡುಗುತ್ತೇವೆ. ಇದು ನಿಂಬೆಹಣ್ಣು ಕತ್ತರಿಸುವ ಚರಿತ್ರೆ. ಕ್ಯಾಪ್ಟನ್ ಸ್ಟಾಂಟನ್ನನ ದಳದಲ್ಲಿ ಇದ್ದವರು ಸುಮಾರು 800 ಜನ. ಕಾಲಾಳುಗಳು ಸುಮಾರು 500, ಉಳಿದವರು ಕುದುರೆಯವರು ಮತ್ತು ಮದ್ರಾಸಿನ ಫಿರಂಗಿಯವರು. ಆ ಕಾಲಾಳುಗಳಲ್ಲಿ ಮರಾಠರು, ರಜಪೂತರು, ಮುಸಲ್ಮಾನರೂ ಇದ್ದರು. ಪೇಶ್ವೆಯ ಅಷ್ಟೂ ದಂಡು ಊರೊಳಗೆ ನುಗ್ಗಲಿಲ್ಲ. ನುಗ್ಗಿದ್ದು ಸುಮಾರು 2,000 ಕಾಲಾಳು. ಎದುರಿನವನು ಈ ಅಂಕಿಗಳನ್ನು ಎತ್ತಿ ಹೊಡೆದಾಗ ನಮ್ಮ ಹುಡುಗ ತತ್ತರಿಸುತ್ತಾನೆ, ಯಾಕಂದ್ರೆ ನಾವು ಅವನಿಗೆ ಕಲಿಸಿದ್ದು ಮೆರವಣಿಗೆಯ ವರಸೆ. ಸ್ತಂಭದ ಮೇಲೆ 49 ಹೆಸರುಗಳಿವೆ. ಅದರಲ್ಲಿ 22 'ನಾಕ್' ಎಂದು ಕೊನೆಯಾಗುವ ಮಹಾರರ ಹೆಸರುಗಳು. 1927ರ ಜನವರಿ 1ರಂದು ಬಾಬಾಸಾಹೇಬರು ಹೋಗಿ ನಿಂತದ್ದು ಈ ಹೆಸರುಗಳ ಮುಂದೆ. ಈ 22ನ್ನು ಅಳಿಸಿ ತೋರಿಸಿ ಅಂದರೆ ಯಾವ ಪಂಡಿತನ ಕೈಲೂ ಆಗುವುದಿಲ್ಲ. ದಲಿತ ಬರಹದಲ್ಲಿ ಕಲೆಗಾರಿಕೆ ಸಾಲದು ಎನ್ನುವ ವಿಮರ್ಶಕರೂ ಮುಕ್ತಾಳನ್ನು ಒಮ್ಮೆ ಓದಬೇಕು. ಆಕೆ ಅಲಂಕಾರಕ್ಕೆ ಕೈಹಾಕುವುದಿಲ್ಲ, ಬಯಲಿನ ಹೆಸರು ಹೇಳುತ್ತಾಳೆ.

ಬ್ರಿಟಿಷರೂ ಕೊನೆಗೆ ನೋಟದ ಕಡೆಗೇ ವಾಲಿದರು. ಎತ್ತರ, ಮೈಕಟ್ಟು, ಕುಲದ ಪ್ರತಿಷ್ಠೆ ನೋಡಿ 'ವೀರ ಜನಾಂಗ'ಗಳನ್ನು ಆರಿಸುವ ಸಿದ್ಧಾಂತ ಬಂತು. 1890ರ ದಶಕದ ಆರಂಭದಲ್ಲಿ ಮಹಾರರ ಭರ್ತಿ ನಿಂತುಹೋಯಿತು. ನಿವೃತ್ತ ಸೈನಿಕ ಗೋಪಾಳ ಬಾಬಾ ವಲಂಗಕರ್ 1894ರಲ್ಲಿ ಸಿದ್ಧಪಡಿಸಿದ ಅರ್ಜಿಯಲ್ಲಿ ತಾವೂ ಹಿಂದೆ ಕ್ಷತ್ರಿಯರೇ ಆಗಿದ್ದವರು ಎಂದು ಹೇಳಿಕೊಳ್ಳಬೇಕಾಯಿತು. ಕೋರೆಗಾಂವ್‌ನ ಕೆಲಸ ಸಾಲದೆ ಕ್ಷತ್ರಿಯ ವೇಷವೂ ಬೇಕಾಯಿತು. ಆ ಸಾಲನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಬಾಗಿಲು ಮತ್ತೆ ಸರಿಯಾಗಿ ತೆರೆದದ್ದು ನಮ್ಮ ಬೆಳಗಾವಿಯಲ್ಲಿ. ಅಂಬೇಡ್ಕರರ ಒತ್ತಾಯದ ಹಿನ್ನೆಲೆಯಲ್ಲಿ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಅಲ್ಲಿ ಹುಟ್ಟಿತು. 1946ರಲ್ಲಿ ಅದನ್ನು ಮೆಷಿನ್‌ಗನ್ ರೆಜಿಮೆಂಟ್ ಮಾಡಿದರು. ವಿಕರ್ಸ್ ಗನ್ನಿನ ಹಿಂದಿರುವವನು ನೆಲಕ್ಕೆ ಅಂಟಿಕೊಂಡೇ ಕೂತಿರಬೇಕು. ಪಕ್ಕದಲ್ಲಿ ಒಬ್ಬ ತೋಟಾಪಟ್ಟಿ ಹಿಡಿಯಬೇಕು, ಕೊಳವೆ ಕಾಯ್ದರೆ ಇನ್ನೊಬ್ಬ ನೀರು ತರಬೇಕು.