ನಿಡಘಟ್ಟದ ಕೆಂಪಾಚಾರಿ ಮತ್ತು ನೀಲಗಾರರು

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮುನ್ನ ಸಿಗುವ ನಿಡಘಟ್ಟದ ಹೆಸರು ಇಂದು ಕೇಳಿಬರುವುದು ಹೆಚ್ಚಾಗಿ ರಸ್ತೆಯ ಸುದ್ದಿಯಲ್ಲಿ. ನೀಲಗಾರರಿಗೆ ಮಾತ್ರ ಅದು ಸಿದ್ಧಪ್ಪಾಜಿಯ ತೌರು. ಈ ಊರಿನ ಆಚಾರಿಗಳ ಮನೆಯ ಮುದ್ದಿನ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನನ್ನಾಗಿ ಬೇಡಿದ, ಹೆತ್ತವರು ಒಪ್ಪಲಿಲ್ಲ, ಕಡೆಗೆ ಹುಡುಗ ಗುರುವಿನ ಪಾಲಾದ ಎಂಬ ಕಥೆಯನ್ನು ಅವರು ರಾತ್ರಿಯಿಡೀ ಹಾಡುತ್ತಾರೆ.

ನೀಲಗಾರರೆಂದರೆ ಯಾರು? ಹೊರಗಿನವರು ಇವರನ್ನು ತಂಬೂರಿ ಹಿಡಿದು ಭಿಕ್ಷೆಗೆ ಬರುವ ಒಂದು ಜಾತಿಯೆಂದು ಭಾವಿಸುವುದುಂಟು. ಅದು ತಪ್ಪು. ನೀಲಗಾರ ಹುಟ್ಟಿನಿಂದ ಆಗುವವನಲ್ಲ, ದೀಕ್ಷೆಯಿಂದ ಆಗುವವನು. ಇವರಲ್ಲಿ ದಲಿತರ ಸಂಖ್ಯೆ ದೊಡ್ಡದು. ಒಕ್ಕಲಿಗರು, ಉಪ್ಪಾರರು, ಕುರುಬರೂ ಇದ್ದಾರೆ. ಹರಕೆ ಹೊತ್ತ ಮನೆಯವರು ಒಬ್ಬ ಮಗನನ್ನು ಗುರುವಿಗೆ ಬಿಡುವುದು ರೂಢಿ. ಜೋಳಿಗೆ, ತಂಬೂರಿ, ಗಗ್ಗರ, ಹಣೆಗೆ ಕಪ್ಪು ಧೂಳ್ತ ಇವು ಅವನ ಗುರುತು. ಮುಂದೆ ಅವನು ಎಂಥ ಸಿರಿವಂತನಾದರೂ ಭಿಕ್ಷೆಗೆ ನಾಚುವಂತಿಲ್ಲ. ನಾಚಿಕೆ ಕಳೆಯುವುದೇ ದೀಕ್ಷೆಯ ಮೊದಲ ಪಾಠವೇನೋ!

ಕಥೆಯಲ್ಲಿ ಸಿದ್ಧಪ್ಪಾಜಿಯ ಪರೀಕ್ಷೆಯೂ ಭಿಕ್ಷೆಯೇ. ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರಲ್ಲಿಗೆ ಗುರು ಅವನನ್ನು ಕಳಿಸಿದ್ದು ಕಬ್ಬಿಣ ಬೇಡಲು. ಕಮ್ಮಾರರ ಮಗ ಕಮ್ಮಾರರ ಬಾಗಿಲಲ್ಲೇ ಕೈಯೊಡ್ಡಬೇಕು. ಅಲ್ಲಿ ಅವನಿಗೆ ಸಿಕ್ಕಿದ್ದು ಅವಮಾನ, ಹಿಂಸೆ. ಬಂಧುತ್ವವನ್ನು ರಕ್ತದಿಂದ ಬಿಡಿಸಿ ಗುರುವಿಗೆ ಕಟ್ಟುವ ಈ ಪ್ರಸಂಗ ಇಡೀ ಪಂಥದ ತಿರುಳು.

ಅದೇ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ಸಿದ್ಧಪ್ಪಾಜಿಯದು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹೊತ್ತಿಸುವುದರೊಂದಿಗೆ ಅಲ್ಲಿ ಐದು ದಿನಗಳ ಜಾತ್ರೆ ತೊಡಗುತ್ತದೆ. ಒಕ್ಕಲುಗಳು ಬಿಡಾರ ಹೂಡಿ, ಬಾಡೂಟ ಮಾಡಿ, ನೀಲಗಾರರಿಗೆ ಬಡಿಸಿ, ಜಾತಿ ನೋಡದೆ ಒಟ್ಟಿಗೆ ಉಣ್ಣುವುದು ಪಂಕ್ತಿಸೇವೆ. ಊರಲ್ಲಿ ಬೇರೆ ಬೇರೆ ಕೇರಿಯವರು ಇಲ್ಲಿ ಒಂದೇ ಸಾಲು.

ಈ ಎಲೆಯ ಮೇಲೂ ವಿವಾದ ಬಂದಿದೆ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯನ್ನು ಮುಂದಿಟ್ಟು ಇತ್ತೀಚಿನ ವರ್ಷಗಳಲ್ಲಿ ಆಡಳಿತ ಜಾತ್ರೆಗೆ ಕುರಿ, ಕೋಳಿ ತರುವುದನ್ನು ತಡೆದಿದೆ. ದೇವರ ಮುಂದೆ ಕಡಿಯುವುದು ಬಲಿ, ಬಿಡಾರದಲ್ಲಿ ಬೇಯಿಸಿ ಹಂಚುವುದು ಊಟ ಎಂಬುದು ಒಕ್ಕಲುಗಳ ವಾದ. ಪಂಕ್ತಿಯ ಅರ್ಥ ಬಲ್ಲವರಿಗೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಅಚ್ಚು ಹಾಕಿಸಿತು. ಓದು ಬಾರದ ನೀಲಗಾರರು ತಲೆಮಾರುಗಳಿಂದ ಇಷ್ಟನ್ನೂ ನೆನಪಿನಲ್ಲೇ ಉಳಿಸಿಕೊಂಡು ಬಂದವರು. ಹಾಡುವ ರಾತ್ರಿ ಇಂದಿಗೂ ಅವರ ಮುಂದೆ ಪುಸ್ತಕವಿರುವುದಿಲ್ಲ. ಪಕ್ಕದಲ್ಲಿ ತಾಳ, ಡಕ್ಕೆ ಹಿಡಿದ ಹಿಮ್ಮೇಳದವರಿರುತ್ತಾರೆ.